ಚೆಲುವನ ದೋಣಿಗೆ ಮೀನಿನ ರೆಕ್ಕೆ

ಹೊಳೆ ದಂಡೇಲಿ ಒಂದು ಆಶ್ರಮ. ಅಲ್ಲಿ ಮಂತ್ರ ಗಿಂತ್ರ ಏನೂ ಇಲ್ಲ, ದೋಣಿ ಕಟ್ಟೋದೇ ವಿದ್ಯೆ! ಗುರುಗಳ ಹೆಸರು ದೊಡ್ಡಯ್ಯ, ಶಿಷ್ಯನ ಹೆಸರು ಚೆಲುವ.

ಚೆಲುವ ಎಂಟು ತಿಂಗಳು ಕೂತು ತನ್ನ ಮೊದಲನೇ ದೋಣಿ ಕಟ್ಟಿದ. ಎಂಥಾ ದೋಣಿ ಅಂತೀರಾ! ಮೈಯೆಲ್ಲ ಎಣ್ಣೆ ಹಚ್ಚಿ ಮಿರಮಿರ ಮಿಂಚ್ತಿತ್ತು. ಆದ್ರೆ ನೀರಿಗಿಳಿದ ಕೂಡಲೇ ಆ ಕಡೆ ಈ ಕಡೆ, ಆ ಕಡೆ ಈ ಕಡೆ, ಥೇಟ್ ಕುಡಿದವರ ಥರ.

ಮೊದಲನೇ ದಿನವೇ ಕುಂಬಾರರ ಪುಟ್ಟತಾಯಮ್ಮ ಸಂತೆಗೆ ಅಂತ ಮಡಿಕೆ ತುಂಬ್ಕೊಂಡು ಹತ್ತಿದ್ಳು. ಆಚೆ ದಡ ಸೇರೋ ಹೊತ್ತಿಗೆ ಉರುಳಿ ಉರುಳಿ ಅರ್ಧ ಮಡಿಕೆ ಚೂರು ಚೂರು!

"ಏನ್ಲಾ ಚೆಲುವ, ನಾನು ಸಂತೇಲಿ ಮಡಿಕೆ ಮಾರ್ಬೇಕಾ, ಒಡೆದ ಬೋಕಿ ಚೂರು ಮಾರ್ಬೇಕಾ?"

"ಅವ್ವಾ, ಇನ್ನೊಂದೇ ಒಂದ್ಸಲ ಹತ್ತವ್ವ!"

"ಬರೋ ಸೋಮವಾರ ಹತ್ತೀನಿ. ಆಗ್ಲೂ ಒಡೀತೋ, ಸುತ್ತಾದ್ರೂ ಸೇತುವೆ ಮೇಲೇ ಹೋಯ್ತೀನಿ. ಊರೋರಿಗೆಲ್ಲ ಹೇಳ್ತೀನಿ."

ಆಶ್ರಮದಲ್ಲಿ ಒಂದು ಕಟ್ಟುಪಾಡಿತ್ತು. ಜನ ಹತ್ತದ ದೋಣೀನ ಒಡೆದು ಒಲೆಗೆ ಹಾಕೋದು. ಎಂಟು ತಿಂಗಳ ಕೆಲಸ, ಒಲೆಗೆ! ಚೆಲುವನಿಗೆ ಅನ್ನ ಸೇರಲಿಲ್ಲ.

"ಗುರುಗಳೇ, ದೋಣಿ ಉರುಳದೆ ಇರೋ ಹಂಗೆ ಮಾಡೋದು ಹೆಂಗೆ?"

ದೊಡ್ಡಯ್ಯ ಉಳಿ ಮಸೀತಾ ಕೂತಿದ್ರು. "ಈ ಹೊಳೇಲಿ ಉರುಳದೆ ಇರೋರು ಯಾರಿದ್ದಾರೋ ಅವರನ್ನ ಕೇಳು" ಅಂದ್ರು.

"ಮೀನು!" ಅಂತ ಕೂಗಿ ಚೆಲುವ ಓಡೇಬಿಟ್ಟ.

ಬೆಸ್ತರ ಬುಟ್ಟಿಯಿಂದ ಒಂದು ದಪ್ಪ ಮೀನು ತಂದ. ಹಲಗೆ ಮೇಲೆ ಮಲಗಿಸಿದ, ರೆಕ್ಕೆ ಬಿಡಿಸಿದ, ದಾರ ಹಿಡಿದು ಅಳೆದ. ಅದೇ ಆಕಾರಕ್ಕೆ ಹಲಸಿನ ಹಲಗೆ ಕೊಯ್ದು, ದೋಣಿ ಹೊಟ್ಟೆ ಕೆಳಗೆ ಆ ಕಡೆ ಒಂದು, ಈ ಕಡೆ ಒಂದು ರೆಕ್ಕೆ ಇಟ್ಟು ಮೊಳೆ ಹೊಡೆದ.

"ಹತ್ತಿ ಗುರುಗಳೇ, ಹತ್ತಿ!"

ದಡದ ಹತ್ರ ನೀರು ಸುಮ್ನಿತ್ತು. ದೋಣಿ ಜಗಲಿ ಮೇಲೆ ಕೂತಂಗೆ ಕೂತಿತ್ತು.

"ನೋಡಿದ್ರಾ? ಅಲ್ಲಾಡ್ತಿದ್ಯಾ? ಇಲ್ವಲ್ಲ!"

ನಡುಹೊಳೆಗೆ ಬಂದ್ರು. ಪಕ್ಕದಿಂದ ಒಂದು ಸೆಳೆತ ಬಂದು ಆ ಗಟ್ಟಿ ರೆಕ್ಕೆನ ಹಿಡಿದು ಎತ್ತಿತು ನೋಡಿ... ದುಡುಂ! ಗುರುಗಳು ನೀರಲ್ಲಿ!

ದೊಡ್ಡಯ್ಯ ಮೇಲೆದ್ದು, ಬಾಯಲ್ಲಿದ್ದ ನೀರು ಉಗಿದು, ದೋಣಿ ಅಂಚು ಹಿಡ್ಕೊಂಡು ಕೇಳಿದ್ರು.

"ಯಾವ ಮೀನನ್ನ ಕೇಳಿದ್ಯಪ್ಪಾ?"

"ಬೆಸ್ತರ ಬುಟ್ಟೀಲಿದ್ದಿದ್ದನ್ನ, ಗುರುಗಳೇ."

"ಅದು ಏನ್ ಮಾಡ್ತಿತ್ತು?"

"ಏನೂ ಮಾಡ್ತಿರಲಿಲ್ಲ. ಸತ್ತಿತ್ತು."

"ಸತ್ತ ಮೇಲೆ ಅಲ್ಲಾಡದೆ ಇರೋದು ಯಾರಿಗೆ ಬರಲ್ಲ ಹೇಳು" ಅಂತ ದೊಡ್ಡಯ್ಯ ಗಹಗಹಿಸಿ ನಕ್ಕುಬಿಟ್ರು.

ಮಾರನೇ ದಿನ ಅವನನ್ನ ಸೊಂಟದ ಮಟ್ಟ ನೀರಲ್ಲಿ ನಿಲ್ಲಿಸಿ, "ನೋಡ್ತಾ ಇರು" ಅಂತ ಹೇಳಿ ಹೋದ್ರು.

ಚೆಲುವ ನಿಂತ. ಬಿಸಿಲು ಏರಿತು, ಕಾಲು ಜುಮ್ಮಂತು, ಬೆರಳೆಲ್ಲ ಸುಕ್ಕಾಯ್ತು. ಮೀನುಗಳು ಬಂದು ಅವನ ಮೊಣಕಾಲ ಹತ್ರವೇ ನಿಂತ್ವು. ನೋಡಿದ, ನೋಡಿದ, ಆಮೇಲೆ ಒಂದೇ ಸಲ ಕಿರುಚಿದ.

"ಗುರುಗಳೇ! ಕಾಣಿಸ್ತು!"

ಮೀನೆಲ್ಲ ಪರಾರಿ.

ದೊಡ್ಡಯ್ಯ ದಡಕ್ಕೆ ಬಂದ್ರು. ಚೆಲುವ ಒಂದೇ ಉಸಿರಿಗೆ ಶುರು ಹಚ್ಕೊಂಡ.

"ಅವು ನಿಂತಂಗೆ ಕಾಣುತ್ತೆ ಗುರುಗಳೇ, ಆದ್ರೆ ನಿಂತಿರಲ್ಲ! ರೆಕ್ಕೆ ಬುಡ ಗಟ್ಟಿ, ತುದಿ ಮೆತ್ತಗೆ! ಸೆಳೆತ ಬಂತಾ, ತುದಿ ಬಾಗುತ್ತೆ. ಹೋಯ್ತಾ, ವಾಪಸ್ ಬರುತ್ತೆ. ಬಾಗುತ್ತೆ, ಬರುತ್ತೆ, ಬಾಗುತ್ತೆ, ಬರುತ್ತೆ!"

"ನೀನು ಕೂಗದೆ ಇದ್ದಿದ್ರೆ ಅವು ಇನ್ನೂ ಎರಡು ಮಾತು ಹೇಳ್ತಿದ್ವೋ ಏನೋ" ಅಂದ್ರು ದೊಡ್ಡಯ್ಯ.

ಚೆಲುವ ಹಳೇ ರೆಕ್ಕೆ ಕಿತ್ತ. ಹೊಸ ರೆಕ್ಕೆಗೆ ಬುಡದಲ್ಲಿ ಹಲಸಿನ ಮರ, ತುದಿಗೆ ಬಿದಿರಿನ ಸೀಳು, ಅದರ ಮೇಲೆ ಎಣ್ಣೆ ಕುಡಿಸಿದ ಎಮ್ಮೆ ಚರ್ಮ ಹೊಲಿದ. ಬೆರಳಲ್ಲಿ ಒತ್ತಿದ್ರೆ ಬಾಗ್ತಿತ್ತು, ಬಿಟ್ರೆ ನೆಟ್ಟಗಾಗ್ತಿತ್ತು.

ಸೋಮವಾರ ಬಂತು. ಪುಟ್ಟತಾಯಮ್ಮ ಬೇಕಂತಲೇ ಹೋದ ವಾರಕ್ಕಿಂತ ಜಾಸ್ತಿ ಮಡಿಕೆ ಪೇರಿಸಿ, ಎಲೆಅಡಿಕೆ ಬಾಯಿಗೆ ಹಾಕ್ಕೊಂಡು ಕೂತ್ಳು.

"ಹುಟ್ಟು ನಾನು ಹಾಕ್ತೀನಿ, ನೀನು ಮಡಿಕೆ ನೋಡ್ಕೋ" ಅಂದ್ರು ದೊಡ್ಡಯ್ಯ.

ಚೆಲುವ ಮಡಿಕೆಗಳ ಮಧ್ಯೆ ಕೂತ. ನಡುಹೊಳೆ ಬಂತು. ಅದೇ ಸೆಳೆತ! ದೋಣಿ ಒಂದು ಬೆರಳಷ್ಟು ವಾಲಿತು. ಚೆಲುವ ಕಣ್ಣು ಮುಚ್ಚಿದ. ದೋಣಿ ಮೆತ್ತಗೆ ವಾಪಸ್ ಬಂತು. ಮತ್ತೆ ವಾಲಿತು, ಮತ್ತೆ ಬಂತು. ಮಡಿಕೆಗಳು ಒಂದಕ್ಕೊಂದು ತಾಕಿ ಟಿಣ್ ಅಂದ್ವು, ಅಷ್ಟೇ!

ಆಚೆ ದಡ.

ಪುಟ್ಟತಾಯಮ್ಮ ಒಂದೊಂದೇ ಮಡಿಕೆ ಎತ್ತಿ ಬೆರಳಲ್ಲಿ ಬಡಿದು ನೋಡಿದ್ಳು. ಕೊನೇದನ್ನೂ ಬಡಿದು ನೋಡಿದ್ಳು.

"ಒಂದಕ್ಕೂ ಬಿರುಕಿಲ್ಲ ಕಣ್ಲಾ! ಬರೋ ವಾರ ದೊಡ್ಡ ಹರವಿ ತರ್ತೀನಿ, ಜಾಗ ಇಟ್ಟಿರು!"

ಚೆಲುವ ಮಾತ್ರ ಎರಡೂ ಕೈಲಿ ದೋಣಿ ಅಂಚು ಬಿಗಿಯಾಗಿ ಹಿಡ್ಕೊಂಡು, ಉಸಿರು ಕಟ್ಕೊಂಡು, ಕಣ್ಣು ಮುಚ್ಕೊಂಡು ಗೂಟದ ಹಂಗೆ ಕೂತೇ ಇದ್ದ.

"ಅಯ್ನೋರೇ, ಇವನಿಗೇನಾಯ್ತು?"

ದೊಡ್ಡಯ್ಯ ಹುಟ್ಟು ಒಳಗಿಟ್ಟು, ಬಗ್ಗಿ ಅವನ ಬೆನ್ನು ತಟ್ಟಿದ್ರು.

"ದೋಣಿ ಬಾಗೋದು ಕಲೀತು ಮಗಾ. ಇನ್ನು ನೀನೂ ಒಂಚೂರು ಅಲ್ಲಾಡು."