ಮುಟ್ಟಿದರೆ ಮುನಿಯ ಹಾಜರಿ

೧೯೭೪ರ ಜುಲೈ ಎಂಟು, ಸೋಮವಾರ, ಬೆಳಗಿನ ಹತ್ತು ಗಂಟೆ. ನಮ್ಮ ಶಾಲೆಯ ಹಿತ್ತಲಿನಲ್ಲಿ ಗಿಡಗಳಿಗೂ ಒಂದು ಶಾಲೆಯಿದ್ದ ಕಾಲ ಅದು. ಉಪಾಧ್ಯಾಯಿನಿಯಾದ ಇರುವೆ ಪ್ರತಿಯೊಂದು ಗಿಡವನ್ನೂ ಮೀಸೆಯಿಂದ ಮುಟ್ಟಿ ಹಾಜರಿ ತೆಗೆದುಕೊಳ್ಳುತ್ತಿದ್ದಳು. ತುಂಬೆ, ಗರಿಕೆ, ಹೊನಗೊನ್ನೆ "ಹಾಜರ್" ಎಂದವು. ಮುಟ್ಟಿದರೆ ಮುನಿ ಮಾತ್ರ ಮೀಸೆ ತಗಲಿದೊಡನೆ ಎಲೆ ಮಡಚಿ ಮೌನವಾಯಿತು.

"ಇದು ಮೂರನೆಯ ಗೈರು," ಎಂದಳು ಇರುವೆ. "ನಿಯಮದಂತೆ ಹೆಸರು ಹೊಡೆದುಹಾಕುತ್ತೇನೆ. ನಾಳೆ ಮಾಲಿ ಬಂದು ಕೀಳುತ್ತಾನೆ."

"ಸೋಮಾರಿ ರಾಣಿ!" ಎಂದು ತುಂಬೆ ನಕ್ಕಿತು.

ಬೇಲಿಯ ಮುದಿ ಗೋರಂಟಿ ಕೇಳಿತು: "ಟೀಚರಮ್ಮ, ಅದು ಬಂದಿಲ್ಲವೆ, ಇಲ್ಲ ಹೆದರಿದೆಯೆ? ನಿಮ್ಮ ಅಜ್ಜಿ ಇಲ್ಲಿ ಟೀಚರಾಗಿದ್ದಾಗ ಹೆಸರು ಕರೆದು ದೂರ ನಿಂತು ಕಾಯುತ್ತಿದ್ದರು. ಆಗಿನ ಬಿಸಿಲಿಗೂ ಇಷ್ಟು ಅವಸರವಿರಲಿಲ್ಲ."

"ಇನ್ನೂ ನಲವತ್ತು ಗಿಡ ಬಾಕಿ ಇವೆಯಲ್ಲ, ಅಜ್ಜಿ!"

"ಒಂದನ್ನು ಕೀಳಿಸಿದರೆ ನಿಮ್ಮ ಕೆಲಸ ಹಗುರ, ನಿಜ."

ಇರುವೆ ನಾಲ್ಕು ಹೆಜ್ಜೆ ಹಿಂದೆ ಸರಿದು ಕುಳಿತಳು. ಕಾಲು ಗಂಟೆ ಕಳೆದ ಮೇಲೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಮೂರು ದಿನವೂ ಇಲ್ಲೇ ಇದ್ದೆ, ಟೀಚರಮ್ಮ," ಎಂದಿತು ಮುಟ್ಟಿದರೆ ಮುನಿ.

ಇರುವೆ ಮೂರು ಗೈರುಗಳನ್ನೂ ಅಳಿಸಿದಳು. ಮರುದಿನದಿಂದ ಆ ಹೆಸರನ್ನು ಕೊನೆಯಲ್ಲಿ, ಮುಟ್ಟದೆ ಕರೆಯುವುದೆಂದು ನಿರ್ಧರಿಸಿದಳು.