ಹೋಗಿ ಬರ್ತೀನಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಮುರಿಗೆಜ್ಜ ಎಂಬ ಗುರುಗಳಿದ್ದರು.

ಅವರ ಶಿಷ್ಯೆಯರಲ್ಲಿ ಸಾವಂತ್ರಿ ಒಬ್ಬಳು. ನೇಕಾರರ ಮನೆಯವಳು. ಇಬ್ಬರು ಗಂಡುಮಕ್ಕಳನ್ನು ಹಡೆದು, ಬೆಳೆಸಿ, ಅವರವರ ದಾರಿಗೆ ಹಚ್ಚಿದವಳು. ಮಕ್ಕಳನ್ನು ಸಾಕುವ ವಿಷಯದಲ್ಲಿ ಊರಲ್ಲಿ ಅವಳ ಮಾತೇ ಮಾತು.

ಒಂದು ವರ್ಷ ಅವಳೂ ಗಂಡ ಬಾಳಪ್ಪನೂ ದಿಕ್ಕಿಲ್ಲದ ಮಗುವೊಂದನ್ನು ಸಾಕಲು ಮನಸ್ಸು ಮಾಡಿದರು. ಜಿಲ್ಲೆಯ ಮಕ್ಕಳ ಸಮಿತಿಯವರು ದ್ಯಾಮಿ ಎಂಬ ಏಳು ವರ್ಷದ ಹುಡುಗಿಯನ್ನು ಅವರಿಗೆ ಒಪ್ಪಿಸಿದರು. ಅದಕ್ಕೂ ಮೊದಲು ಎರಡು ಮನೆಗಳು ಆ ಮಗುವನ್ನು ಸಾಕಲು ಒಯ್ದು ತಿರುಗಿ ಕೊಟ್ಟಿದ್ದವು.

ಸಾವಂತ್ರಿ ಮಗುವನ್ನು ಗುರುಗಳ ಪಾದಕ್ಕೆ ಹಾಕಿದಳು.

"ಎರಡು ಬೆಳೆಸೀನ್ರಿ ಅಜ್ಜಾರ. ಇದೂ ಬೆಳೀತೈತಿ."

ಅಜ್ಜ "ಹೂಂ" ಎಂದರು. ಅಷ್ಟೇ.

ಮುಂಗಾರು ಮುಗಿಯುವ ಹೊತ್ತಿಗೆ ಅವಳು ಮತ್ತೆ ಬಂದಳು. ಕೈಗೆ ಬಟ್ಟೆ ಸುತ್ತಿತ್ತು. ಮಗು ಕಟ್ಟೆಯ ಪಕ್ಕ ಕೂತು ಹರಳುಗಳನ್ನು ಸಾಲಾಗಿ ಜೋಡಿಸತೊಡಗಿತು.

"ಈಕಿನ್ನ ತಿರುಗಿ ಕೊಟ್ಟುಬಿಡ್ತೀನ್ರಿ."

"ಯಾಕವ್ವ?"

"ಮಾತಿಲ್ಲ, ಕತಿಯಿಲ್ಲ. ಕುಕ್ಕರ್ ಸೀಟಿ ಹೊಡದ್ರ ಕಿವಿ ಮುಚ್ಚಿಕೊಂಡು ಮಗ್ಗದ ಕೆಳಗ ಹೊಗತಾಳ. ಹಾಸಿಗ್ಯಾಗ ರೊಟ್ಟಿ ಮುಚ್ಚಿಡ್ತಾಳ, ಬೂಸರು ಬರೂತನಕ. ಮೊನ್ನೆ ಹೊಸ ಅಂಗಿ ಹಾಕಿ ಅಪ್ಪಿಕೊಂಡೆ. ಕಚ್ಚಿದಳು. ನನ್ನ ಮಕ್ಕಳು ಹಿಂಗ ಮಾಡಿರಲಿಲ್ಲ."

"ನಿನ್ನ ಮಕ್ಕಳು ಎಷ್ಟು ಮನಿ ಬದಲಿ ಮಾಡಿದ್ದರು?"

ಅವಳು ಕೈಗೆ ಸುತ್ತಿದ ಬಟ್ಟೆಯನ್ನು ಬಿಗಿ ಮಾಡಿಕೊಂಡಳು.

"ಡಾಕ್ಟರು ಏನಂದ್ರು?"

"ಹುಟ್ಟಿನಿಂದನ ಆಟಿಸಂ ಐತಂತ್ರಿ. ಅದರ ಮ್ಯಾಲೆ ಅಲ್ಲಿ ಇಲ್ಲಿ ಬೆಳೆದು ಮನಸ್ಸಿಗೂ ಪೆಟ್ಟು ಬಿದ್ದೈತಂತ. ಮಾತು ಕಲಿಸೋರ ಹತ್ರ ವಾರ ವಾರ ಕರ್ಕೊಂಡು ಬರ್ರಿ ಅಂದಾರ."

"ಕರ್ಕೊಂಡು ಹೋಗು. ಅದು ಅವರ ವಿದ್ಯೆ."

"ಮತ್ತ ನನ್ನ ಕೆಲಸ?"

ಅಜ್ಜ ಎದ್ದು ಒಳಗಿಂದ ಒಂದು ತಾಮ್ರದ ಕೊಡ ತಂದು ಅವಳ ಕೈಗಿಟ್ಟರು. "ಹೊಳಿಗೆ ಹೋಗಿ ನೀರು ತಾ."

ಸಾವಂತ್ರಿ ಕೊಡ ಹಿಡಿದು ಹೊರಟಳು.

"ಆಕಿಗೆ ಹೇಳಲಿಲ್ಲ ನೀನು," ಎಂದರು ಅಜ್ಜ.

ಅವಳು ಹಿಂದಿರುಗಿ ಮಗುವಿನ ಮುಂದೆ ಬಗ್ಗಿದಳು. "ದ್ಯಾಮಿ, ನೀರಿಗೆ ಹೋಗಿ ಬರ್ತೀನಿ."

ಮಗು ತಲೆ ಎತ್ತಲಿಲ್ಲ.

ಅವಳು ನೀರು ತಂದಳು. "ಬಂದೆ ನೋಡು," ಎಂದಳು. ಮಗು ಆಗಲೂ ತಲೆ ಎತ್ತಲಿಲ್ಲ. ಅಜ್ಜ ಆ ನೀರನ್ನು ಬಾಳೆಯ ಬುಡಕ್ಕೆ ಸುರಿದು, ಬರಿಗೊಡವನ್ನು ಅವಳ ಕೈಗೇ ಕೊಟ್ಟರು.

"ಇನ್ನೊಮ್ಮೆ."

ಹೊತ್ತು ಇಳಿಯುವವರೆಗೂ ಇದೇ ನಡೆಯಿತು. ಸಾವಂತ್ರಿಯ ಸೊಂಟ ಸೋತಿತು, ಸಿಟ್ಟು ನೆತ್ತಿಗೇರಿತು.

"ಇದೆಂಥಾ ಪಾಠರಿ ಅಜ್ಜಾರ?"

"ಆ ಕೂಸಿಗೆ ಹೋಗಿ ಬರ್ತೀನಿ ಅಂದೋರು ಭಾಳ ಮಂದಿ," ಎಂದರು ಅಜ್ಜ. "ಬಂದೋರು ಯಾರವ್ವ?"

ಅವತ್ತು ಸಾವಂತ್ರಿ ಮಗುವನ್ನು ಮನೆಗೇ ಕರೆದೊಯ್ದಳು.

ಅಂದಿನಿಂದ ಅಂಗಳಕ್ಕೆ ಹೋದರೂ ಹೇಳಿ ಹೋದಳು, ಅಂಗಡಿಗೆ ಹೋದರೂ ಹೇಳಿ ಹೋದಳು. ದೀಪ ಹಚ್ಚುವುದರೊಳಗೆ ಅಂದರೆ ದೀಪ ಹಚ್ಚುವುದರೊಳಗೆ ಬಂದಳು. ಅಡುಗೆ ಕುಕ್ಕರಿನಿಂದ ಪಾತ್ರೆಗೆ ಬಂತು. ರೊಟ್ಟಿ ಇಟ್ಟುಕೊಳ್ಳಲು ಮಗುವಿಗೊಂದು ಸ್ವಂತ ಬುಟ್ಟಿ ಬಂತು. ಹಳೆಯ ರೊಟ್ಟಿ ತೆಗೆಯುವ ಮೊದಲು ಅವಳು ಹೊಸದನ್ನು ತೋರಿಸುತ್ತಿದ್ದಳು.

ವಾರಕ್ಕೊಮ್ಮೆ ಮಾತು ಕಲಿಸುವವರ ಬಳಿಗೆ ಬಸ್ಸಿನಲ್ಲಿ ಪ್ರಯಾಣ. ಅವರು ಚಿತ್ರದ ಚೀಟಿಗಳನ್ನು ಕೊಟ್ಟರು. ನೀರಡಿಸಿದಾಗ ದ್ಯಾಮಿ ಲೋಟದ ಚಿತ್ರ ತಂದು ಮುಂದಿಡುವುದನ್ನು ಕಲಿತಳು. ಒಂದು ಮಧ್ಯಾಹ್ನ ತನ್ನ ಬುಟ್ಟಿಯ ರೊಟ್ಟಿಯಲ್ಲಿ ಒಂದು ಚೂರು ಮುರಿದು ಮಗ್ಗದ ಮೇಲಿಟ್ಟು ಓಡಿಹೋದಳು. ನೇಯುತ್ತಿದ್ದ ಬಾಳಪ್ಪ ಅದನ್ನು ತಿಂದು, ಮುಖ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದ.

ಆದರೆ ಸಾವಂತ್ರಿ ಹೋಗುವಾಗ ಮಗು ಅವಳನ್ನು ನೋಡುತ್ತಿರಲಿಲ್ಲ. ಬಂದಾಗಲೂ ನೋಡುತ್ತಿರಲಿಲ್ಲ.

"ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ," ಎಂದು ಅವಳು ಒಮ್ಮೆ ಅಜ್ಜನ ಮುಂದೆ ನೊಂದು ನುಡಿದಳು.

"ಹೋಗಿ ಬರೂದು ನಿಲ್ಲಿಸಬ್ಯಾಡ," ಎಂದರು ಅಜ್ಜ.

ಮಾಗಿಯಲ್ಲಿ ಒಂದು ದಿನ ನೂಲು ತರಲು ಅವಳು ಪೇಟೆಗೆ ಹೊರಟಳು. ಬಾಳಪ್ಪನೂ ಊರಲ್ಲಿರಲಿಲ್ಲ. ಮಗುವನ್ನು ಮಠದಲ್ಲಿ ಬಿಟ್ಟು, "ದನ ಮನಿಗೆ ಬರೂದ್ರಾಗ ಬರ್ತೀನಿ," ಎಂದು ಹೇಳಿ ಹೋದಳು.

ಬರುವಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಅವಳು ನೂಲಿನ ಗಂಟು ಹೊತ್ತು ನಡೆದಳು, ಓಡಿದಳು. ಮಠ ಮುಟ್ಟಿದಾಗ ದನಗಳು ಕೊಟ್ಟಿಗೆ ಸೇರಿ ಹೊತ್ತಾಗಿತ್ತು.

ಅಡುಗೆಮನೆಯ ಮಡಿಕೆಗಳೆಲ್ಲ ಚೂರಾಗಿ ಬಿದ್ದಿದ್ದವು. ದ್ಯಾಮಿ ಚೀರುತ್ತ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಜ್ಜ ತಮ್ಮ ಕಂಬಳಿಯನ್ನು ಮಡಿಸಿ ಕಂಬಕ್ಕೂ ಆ ತಲೆಗೂ ನಡುವೆ ಹಿಡಿದು ಕೂತಿದ್ದರು.

"ದ್ಯಾಮಿ, ಬಂದೆ."

ಮಗು ತಿರುಗಿತು. ಒಂದೇ ನೆಗೆತಕ್ಕೆ ಅವಳ ಮೇಲೆ ಬಿತ್ತು. ಎರಡೂ ಮುಷ್ಟಿಯಿಂದ ಹೊಡೆಯಿತು, ಕೂದಲು ಜಗ್ಗಿತು, ಭುಜಕ್ಕೆ ಕಚ್ಚಿತು. ಸಾವಂತ್ರಿ ತಡೆಯಲಿಲ್ಲ. ಕುಸಿದು ಕೂತಳು. ಕೊನೆಗೆ ಮಗು ದಣಿದು ಅವಳ ತೊಡೆಯ ಮೇಲೆಯೇ ಬಿದ್ದು ಬಿಕ್ಕತೊಡಗಿತು.

"ಎಲ್ಲಾ ಹಾಳಾತ್ರಿ ಅಜ್ಜಾರ," ಎಂದು ಅವಳೂ ಅತ್ತಳು. "ಇಷ್ಟು ತಿಂಗಳು ಪಟ್ಟ ಪಾಡು ಒಂದ ಸಂಜಿಗೆ ಹೊಳ್ಯಾಗ ಹೋತು."

"ಮೊದಲನೇ ಮನಿ ಬಿಟ್ಟಾಗ ಈಕಿ ಅತ್ತಿದ್ದಳೇನು?"

"ಇಲ್ಲಂತ್ರಿ."

"ಎರಡನೇದು?"

"ಇಲ್ಲರಿ. ಯಾರ ಕಡೆಗೂ ನೋಡದ ಸುಮ್ಮನ ಸಮಿತಿಯವರ ಜೀಪು ಹತ್ತಿದಳಂತ."

"ಇವತ್ತು?"

ಸಾವಂತ್ರಿ ಕೆಳಗೆ ನೋಡಿದಳು. ಮಗು ಅವಳ ಸೆರಗನ್ನು ಮುಷ್ಟಿಯಲ್ಲಿ ಸುತ್ತಿ ಸುತ್ತಿ ಬಿಗಿಯಾಗಿ ಹಿಡಿದುಕೊಂಡಿತ್ತು.

ಅಜ್ಜ ಕಸಬರಿಗೆ ತಂದು ಒಡೆದ ಮಡಿಕೆಯ ಚೂರುಗಳನ್ನು ಗುಡಿಸತೊಡಗಿದರು.

"ಮನಿಗೆ ಹೋಗಿ ಹೋಳಿಗಿ ಮಾಡು, ಸಾವಂತ್ರಿ. ಇವತ್ತು ನಿನಗ ಮಗಳು ಹುಟ್ಟ್ಯಾಳ."