ಮೆತ್ತಗೆ ಹಿಡಿಯುವ ನಾಯಿ

ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನಾನು ಬೆತ್ತ ಹಿಡಿದು ಮೂರು ತಿಂಗಳಾಯಿತು. ಈಗ ಮಕ್ಕಳು ಒಂದು ತಪ್ಪೂ ಮಾಡುವುದಿಲ್ಲ. ಕಲಿತರೆ ಸಾಕಲ್ಲವೇ? ಹೆದರಿ ಕಲಿತರೇನು, ಒಲಿದು ಕಲಿತರೇನು?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಬೇಟೆಗಾರನಿದ್ದ. ಕೆರೆಯ ಹಕ್ಕಿಗಳನ್ನು ಹೊಡೆದು ಊರ ಒಡೆಯನ ಅಡುಗೆಮನೆಗೆ ಕೊಡುವುದು ಅವನ ಕೆಲಸ. ನೀರಿಗೆ ಬಿದ್ದ ಹಕ್ಕಿಯನ್ನು ತರಲು ಒಂದು ಎಳೆಯ ನಾಯಿಯನ್ನು ಸಾಕಿದ. ನಾಯಿಗೆ ಹುರುಪು ಬಹಳ. ಹೇಳುವ ಮೊದಲೇ ನೀರಿಗೆ ಹಾರುತ್ತಿತ್ತು. ಆದರೆ ಹಕ್ಕಿಯನ್ನು ಕಚ್ಚಿ ಹಿಡಿಯುತ್ತಿತ್ತು. ಹಲ್ಲು ನಾಟಿದ ಹಕ್ಕಿಯನ್ನು ಒಡೆಯನ ಅಡುಗೆಯವರು ಮುಟ್ಟುತ್ತಿರಲಿಲ್ಲ.

ಬೇಟೆಗಾರ ಮಗಳ ಹಳೆಯ ಲಂಗವನ್ನು ಹರಿದು, ಅದರಲ್ಲಿ ಹಕ್ಕಿಯ ಪುಕ್ಕ ತುಂಬಿ ಉಂಡೆ ಕಟ್ಟಿದ. ಪುಕ್ಕದ ನಡುವೆ ಜಾಲಿಯ ಮುಳ್ಳು ಇಟ್ಟ. ಉಂಡೆಯನ್ನು ಎಸೆದು "ತಾ" ಎಂದ. ನಾಯಿ ಓಡಿಹೋಗಿ ಕಚ್ಚಿತು, ಕುಂಯ್‌ಗುಟ್ಟಿ ಬಿಟ್ಟಿತು. ಮತ್ತೆ ಎಸೆದ.

ಹೆಂಡತಿ ಬಾಗಿಲಿಗೆ ಬಂದಳು. "ಏನ್ರೀ, ಅದರ ಬಾಯಲ್ಲಿ ರಕ್ತ ಬರ್ತಿದೆ. ಸಾಕು ಮಾಡಿ."

"ರಕ್ತ ಬಂದರೇನೇ ನೆನಪಿರೋದು. ನೀನು ಒಲೆ ನೋಡಿಕೋ ಹೋಗು."

ಹದಿನೈದು ದಿನ ಹೀಗೆ ನಡೆಯಿತು. ಆಮೇಲೆ ನಾಯಿ ಎಂದೂ ಬಾಯಿ ಬಿಗಿಯಲಿಲ್ಲ. ಬಾಯಲ್ಲಿದ್ದುದು ಒಂದಿಷ್ಟು ಜಗ್ಗಿದರೂ ಸಾಕು, ಒಳಗಿನ ಮುಳ್ಳು ನೆನಪಾಗಿ ತಟ್ಟನೆ ಸಡಿಲಿಸುತ್ತಿತ್ತು. ಹಕ್ಕಿಯನ್ನು ಬೇಟೆಗಾರನ ಕಾಲ ಬಳಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೂರುತ್ತಿತ್ತು. ಬೇಟೆಗಾರ ಅದರ ಬಾಯಿಗೆ ಕೋಳಿಮೊಟ್ಟೆ ಕೊಟ್ಟು ಊರವರಿಗೆ ತೋರಿಸಿದ. ಮೊಟ್ಟೆ ಒಡೆಯಲಿಲ್ಲ.

"ಅಣ್ಣಾ, ನಿನ್ನ ನಾಯಿಗೆ ಹಲ್ಲು ಇದೆಯೋ, ಎಲ್ಲಾ ಉದುರಿಹೋಯ್ತೋ?" ಎಂದು ನೆರೆಯವನು ನಗಾಡಿದ.

"ಇದೆ. ಇದೆ ಅನ್ನೋದನ್ನೇ ಮರೆಸಿದ್ದೀನಿ," ಎಂದು ಬೇಟೆಗಾರನೂ ನಕ್ಕ.

ಆ ವರ್ಷ ಕೆರೆ ತುಂಬಿ ಕೋಡಿ ಹರಿಯಿತು. ಒಂದು ಬೆಳಿಗ್ಗೆ ಹೆಂಡತಿ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಐದು ವರ್ಷದ ಮಗಳು ಪಕ್ಕದಲ್ಲಿದ್ದಳು. ಬೇಟೆಗಾರ ನಾಯಿಯೊಂದಿಗೆ ಏರಿಯ ಆ ತುದಿಯಲ್ಲಿದ್ದ. ಹೆಂಡತಿಯ ಕೂಗು ಕೇಳಿ ತಿರುಗಿದ. ಮೆಟ್ಟಿಲ ಮೇಲೆ ಮಗಳಿರಲಿಲ್ಲ. ನೀರಿನ ಮೇಲೆ ಕೆಂಪು ಲಂಗ ಉಬ್ಬಿಕೊಂಡು ಕೋಡಿಯ ಕಡೆಗೆ ಸಾಗುತ್ತಿತ್ತು.

ಅಷ್ಟು ದೂರ ಓಡಿದರೂ ತಾನು ಮುಟ್ಟಲಾರೆನೆಂದು ಅವನಿಗೆ ಗೊತ್ತಾಯಿತು. "ತಾ!" ಎಂದು ಕಿರುಚಿದ.

ನಾಯಿ ಹಾರಿತು. ನೀರು ಸೀಳಿಕೊಂಡು ಈಜಿ ಮಗುವನ್ನು ಮುಟ್ಟಿತು. ಲಂಗದ ಅಂಚನ್ನು ಬಾಯಲ್ಲಿ ಹಿಡಿದು ದಡದ ಕಡೆಗೆ ತಿರುಗಿತು. ಏರಿಯ ಮೇಲೆ ಓಡುತ್ತಿದ್ದ ಬೇಟೆಗಾರನಿಗೆ ಉಸಿರು ಬಂತು. ಆಗ ನೀರು ಮಗುವನ್ನು ಜಗ್ಗಿತು. ನಾಯಿ ಬಾಯಿ ಸಡಿಲಿಸಿತು.

ಮತ್ತೆ ಹಿಡಿಯಿತು. ಮತ್ತೆ ನೀರು ಜಗ್ಗಿತು. ಮತ್ತೆ ಬಿಟ್ಟಿತು.

"ಬಿಡಬೇಡ! ಕಚ್ಚು! ಕಚ್ಚಿ ಹಿಡಿ!" ಎಂದು ಬೇಟೆಗಾರ ಅರಚಿದ. ಆ ಮಾತನ್ನು ಅವನು ನಾಯಿಗೆ ಎಂದೂ ಕಲಿಸಿರಲಿಲ್ಲ. ಅವನ ದನಿ ಏರಿದಷ್ಟೂ ನಾಯಿ ಇನ್ನಷ್ಟು ಮೆತ್ತಗೆ ಹಿಡಿಯಿತು.

ಅವನು ಕೋಡಿಯನ್ನು ಮುಟ್ಟುವಷ್ಟರಲ್ಲಿ ಕೆಂಪು ಬಣ್ಣ ಎಲ್ಲೂ ಕಾಣಲಿಲ್ಲ. ನೀರು ಕಲ್ಲುಗಳ ಮೇಲಿಂದ ಕೆಳಗೆ ಧುಮುಕುತ್ತಿತ್ತು. ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

ನಾಯಿ ದಡಕ್ಕೆ ಬಂತು. ಮಗಳು ಮುಡಿದಿದ್ದ ಕನಕಾಂಬರದ ದಂಡೆ ಅದರ ಬಾಯಲ್ಲಿತ್ತು. ಅದನ್ನು ಬೇಟೆಗಾರನ ಕಾಲ ಬಳಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೂತಿತು. ಒಂದು ಹೂವೂ ನಲುಗಿರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

"ಆ ನಾಯಿಯನ್ನು ಅವನು ಏನು ಮಾಡಿದ, ಗುರುಗಳೇ?"

"ಏನು ಮಾಡಿಯಾನು? ಆ ದಿನ ಅದು ಒಂದು ತಪ್ಪೂ ಮಾಡಿರಲಿಲ್ಲ."